ಕೆಂಪು ಚೆನ್ನಾಗಿರೋ ಟೀವಿ

"ಕೆಂಪು ಹೇಗಿದೆ?" ಎಂದು ಪೇಂಟರ್ ಎರಡನೇ ಸಲ ಕೇಳಿದ.

ಅಂಗಡಿಯ ಗೋಡೆ ತುಂಬ ಸಾಲಾಗಿ ನೇತುಹಾಕಿದ್ದ ಟೀವಿಗಳಲ್ಲೆಲ್ಲ ಒಂದೇ ಚಿತ್ರ ಓಡುತ್ತಿತ್ತು. ಒಂದು ಕೆಂಪು ಗಿಳಿ ಹಾರಿ ಬಂದು ಕೊಂಬೆಯ ಮೇಲೆ ಕೂರುವುದು, ಕತ್ತು ಕೊಂಕಿಸಿ ನೋಡುವುದು, ಮತ್ತೆ ಹಾರುವುದು. ಇಪ್ಪತ್ತು ಗಿಳಿಗಳು ಒಟ್ಟಿಗೆ ಕೂತು ಒಟ್ಟಿಗೆ ಹಾರುವುದನ್ನು ನೋಡಿ ನೋಡಿ ಪೇಂಟರನ ಹೆಂಡತಿಗೆ ತಲೆ ಸುತ್ತುವಂತಾಗಿತ್ತು. ಅವಳ ಗಂಡ ಮಾತ್ರ ಗಿಳಿಗಳನ್ನು ಬಿಟ್ಟು ಅವುಗಳ ಪಕ್ಕದ ಕಂಬಕ್ಕೆ ಮುಖ ಮಾಡಿ ನಿಂತಿದ್ದ. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಗೊತ್ತಿಲ್ಲದವರು ನೋಡಿದರೆ, ಯಾರೋ ದೊಡ್ಡ ಗಿರಾಕಿ ಕಂಬ ಕೊಳ್ಳಲು ಬಂದಿದ್ದಾನೆ ಎಂದುಕೊಳ್ಳಬೇಕು.

"ಕಲರ್ ಬಗ್ಗೆ ನೀವು ಯೋಚನೇನೇ ಮಾಡ್ಬೇಡಿ ಸಾರ್," ಎಂದಳು ಅಂಗಡಿಯಾಕೆ. ನಲವತ್ತು ದಾಟಿದ ಹೆಂಗಸು. ದಿನದಿನವೂ ನಿಂತು ನಿಂತು ಅವಳ ಪಾದಗಳು ಚಪ್ಪಲಿಯ ಪಟ್ಟಿಯಾಚೆ ಉಬ್ಬಿದ್ದವು.

"ನಾನು ಮಾಡ್ದೆ ಇನ್ಯಾರು ಮಾಡ್ತಾರಮ್ಮಾ? ಮೂವತ್ತು ವರ್ಷ ಅದನ್ನೇ ಮಾಡಿದ್ದು. ಕೆಂಪು ಅಂದ್ರೆ ಯಾವ ಕೆಂಪು? ಇಟ್ಟಿಗೇನಾ, ಟೊಮೇಟೋನಾ, ರಕ್ತಾನಾ?"

ಅಂಗಡಿಯಾಕೆ ಅವನ ಕನ್ನಡಕವನ್ನು ನೋಡಿದಳು, ಕಂಬವನ್ನು ನೋಡಿದಳು, ಆಮೇಲೆ ಅವನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಗಿಳಿಗಳ ಕಡೆ ತಿರುಗಿಕೊಂಡಳು.

ಅವನು ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಅವನ ಅಕ್ಷರಗಳಿವೆ. ಅಚ್ಚು ಹಾಕಿದ ಬ್ಯಾನರುಗಳು ಬಂದು ಬೇರೆ ಪೇಂಟರುಗಳೆಲ್ಲ ಗೋಡೆಗೆ ಸುಣ್ಣ ಹೊಡೆಯಲು ಹೋದ ಮೇಲೂ, ಕೈಬರಹವೇ ಬೇಕೆನ್ನುವ ಹಟಮಾರಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಏಣಿ ಹತ್ತಿ ಬರೆಯುವಾಗ ಅವಳು ರಸ್ತೆಯ ಆಚೆ ಬದಿ ನಿಂತು ನೋಡಬೇಕಿತ್ತು. ಹತ್ತಿರದಿಂದ ಬರೆಯುವವನಿಗೆ ದೂರದವರ ಕಣ್ಣಿಗೆ ಬಣ್ಣ ಹೇಗೆ ಬೀಳುತ್ತದೆಂದು ತಿಳಿಯುವುದಿಲ್ಲ. "ಹೇಗಿದೆ?" ಎಂದು ಅವನು ಏಣಿಯ ಮೇಲಿಂದ ಕೂಗುವನು. "ಸ್ವಲ್ಪ ಕಪ್ಪಾಯ್ತು," ಎಂದು ಅವಳು ಆಚೆಯಿಂದ ಕೂಗುವಳು. ಅವನು ಇಳಿದು ಬಂದು ಡಬ್ಬಿಗೆ ಇನ್ನೊಂದು ಹನಿ ಬಿಳಿ ಬಿಡುವನು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನಿಗೆ ಬೇಜಾರಾಗದಿರಲೆಂದು "ಚೆನ್ನಾಗಿದೆ" ಎಂದು ಸುಮ್ಮನೆ ಹೇಳಿದ್ದಳು. ಮರುದಿನ ಅವನೇ ದೂರ ಹೋಗಿ ನೋಡಿ ಬಂದು ಮೂರು ದಿನ ಅವಳ ಜೊತೆ ಮಾತು ಬಿಟ್ಟಿದ್ದ. ಅಲ್ಲಿಂದೀಚೆಗೆ ಬಣ್ಣದ ವಿಷಯದಲ್ಲಿ ಅವಳು ಅವನಿಗೆ ಸುಳ್ಳು ಹೇಳಿದವಳಲ್ಲ.

ಹೇಳಿದ್ದು ಕಣ್ಣಿನ ವಿಷಯದಲ್ಲಿ.

ಮೊದಲು ಅವನ ಸಾಲುಗಳು ವಾಲತೊಡಗಿದವು. ಏಣಿಯನ್ನು ಬೈದ, ಗೋಡೆಯನ್ನು ಬೈದ. ಆಮೇಲೆ ಪಕ್ಕದಿಂದ ಬರುವ ಸೈಕಲ್ಲು ಕಾಣದಾಯಿತು, ಆಮೇಲೆ ಎದುರಿನಿಂದ ಬರುವ ಬಸ್ಸೂ ಕಾಣದಾಯಿತು. ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿದರು, ಲೇಸರ್ ಬಿಟ್ಟರು, ಒಂದು ಆಪರೇಷನ್ನೂ ಮಾಡಿದರು. ಎರಡನೇ ಆಪರೇಷನ್ ಮಾಡುವುದೋ ಬೇಡವೋ ಎಂದು ಕೇಳಲು ಹೋದ ದಿನ ಡಾಕ್ಟರು ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದಿದ್ದರು. ನರ ಪೂರ್ತಿ ಒಣಗಿದೆ, ಇನ್ನು ಮಾಡುವುದೇನೂ ಇಲ್ಲ, ಬೆಳಕು ಕತ್ತಲೆಯಷ್ಟು ಗೊತ್ತಾಗಬಹುದು, ಮುಂದೆ ಅದೂ ಹೋಗಬಹುದು ಎಂದಿದ್ದರು.

ಅವಳು ಅದನ್ನು ಹಾಗೆಯೇ ಬಂದು ಹೇಳಿಬಿಡುತ್ತಿದ್ದಳೋ ಏನೋ. ಆದರೆ ಅದೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಅವನು ಅವಳ ಕಿವಿಗೆ ಬಾಗಿ ಒಂದು ಮಾತು ಹೇಳಿದ್ದ. "ಕಣ್ಣು ಬರಲ್ಲ ಅಂತ ಗೊತ್ತಾದ್ರೆ ಹೇಳ್ಬಿಡು. ಮುಚ್ಚಿಡ್ಬೇಡ. ಬೇರೆಯವರ ಕೈ ಹಿಡ್ಕೊಂಡು ಬದುಕೋನಲ್ಲ ನಾನು. ನನ್ನ ದಾರಿ ನಾನು ನೋಡ್ಕೋತೀನಿ." ಟೀ ಹೇಳುವಷ್ಟು ಸಲೀಸಾಗಿ ಹೇಳಿದ್ದ. ಅವನು ಹೇಳಿದ್ದನ್ನು ಮಾಡದೆ ಬಿಟ್ಟವನಲ್ಲ. ಬೀಡಿ ಬಿಡುತ್ತೇನೆಂದ ದಿನವೇ ಬಿಟ್ಟ. ಸ್ವಂತ ಅಣ್ಣನ ಮುಖ ನೋಡುವುದಿಲ್ಲವೆಂದವನು ಹತ್ತೊಂಬತ್ತು ವರ್ಷ ನೋಡಲಿಲ್ಲ, ಕೊನೆಗೆ ಹೆಣವನ್ನೂ ನೋಡಲಿಲ್ಲ.

ಹಾಗಾಗಿ ಅವಳು ಡಾಕ್ಟರ ಕೋಣೆಯಿಂದ ನಗುನಗುತ್ತಾ ಹೊರಗೆ ಬಂದಳು. "ಕಣ್ಣಿನ ಒತ್ತಡ ಇಳೀಬೇಕಂತೆ. ಎರಡು ತಿಂಗಳು ಬಿಟ್ಟು ಆಪರೇಷನ್," ಎಂದಳು. ಎರಡು ತಿಂಗಳು ನಾಲ್ಕಾಯಿತು, ಮಿಷನ್ ಕೆಟ್ಟಿದೆ ಎಂದಳು. ಆರಾಯಿತು, ಡಾಕ್ಟರು ಹೊರದೇಶಕ್ಕೆ ಹೋಗಿದ್ದಾರೆ ಎಂದಳು. ಈಗ ಹದಿನಾಲ್ಕು ತಿಂಗಳು. ಒಂದೊಂದು ಸುಳ್ಳು ಹೇಳುವಾಗಲೂ ಇವನು ಇನ್ನೊಂದಿಷ್ಟು ದಿನ ಇರುತ್ತಾನೆ ಎಂದು ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಬರುವ ತಿಂಗಳು ಕಣ್ಣು ಬರುವವನು ಕೋಲು ಹಿಡಿದು ನಡೆಯುವುದನ್ನು ಯಾಕೆ ಕಲಿಯಬೇಕು? ಮಾತಾಡುವ ಫೋನು ಯಾಕೆ? ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಗಡ್ಡ ಮಾಡಿಸಿಕೊಂಡು, ಬರುವ ತಿಂಗಳಿಗಾಗಿ ಕಾಯುತ್ತ ಕೂತ.

ಈಗ ಅವಳೂ ಕೂರುವಂತಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರದಿಂದ ಹೋಗಬೇಕು; ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ವಾಪಸ್ಸು ಬರುವುದು ನಾಲ್ಕೂವರೆಗೆ. ಅಷ್ಟು ಹೊತ್ತು ಅವನೊಬ್ಬನೇ. ಮಕ್ಕಳಿಲ್ಲ. ಹಳೆಯ ಟೀವಿ ಕಳೆದ ವಾರವಷ್ಟೇ ಠಪ್ಪೆಂದು ಸದ್ದು ಮಾಡಿ ಪ್ರಾಣ ಬಿಟ್ಟಿತ್ತು. ಬಸ್ಸಿನಲ್ಲಿ ಪರಿಚಯವಾದ ಟೀಚರೊಬ್ಬರು, ಅವರಿಗೂ ಕಣ್ಣಿಲ್ಲ, ಮಾತಾಡುವ ಟೀವಿಯ ವಿಷಯ ಹೇಳಿದ್ದರು. "ಅಂಗಡಿಯವರು ಹೂಂ ಇದೆ ಅಂದ್ರೆ ನಂಬ್ಕೊಂಡು ಬರ್ಬೇಡಿ. ನಮ್ಮ ಭಾಷೇಲಿ ಮಾತಾಡುತ್ತಾ ಕೇಳಿ. ಚಾನೆಲ್ ಹೆಸರು ಮಾತ್ರ ಅಲ್ಲ, ಒಳಗಿನ ಮೆನು ಎಲ್ಲಾ ಓದ್ಬೇಕು. ಒಂದೇ ಬಟನ್ ಒತ್ತಿ ಹಿಡಿದ್ರೆ ಮಾತು ಶುರು ಆಗ್ಬೇಕು. ರಿಮೋಟಿನ ಬಟನ್ನು ಕೈಗೆ ಉಬ್ಬಾಗಿ ಸಿಗ್ಬೇಕು, ಐದರ ಮೇಲೆ ಒಂದು ಚುಕ್ಕಿ ಇರ್ಬೇಕು. ಅಲ್ಲೇ ಕಣ್ಣು ಮುಚ್ಕೊಂಡು ನೀವೇ ನೋಡಿ."

ಹಾಗೆ ನೋಡಬೇಕೆಂದೇ ಅವಳು ಬಂದಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಅವನು ಕಂಬದ ಎದುರು ಕೆಂಪಿನ ವಿಷಯವಾಗಿ ಉಪನ್ಯಾಸ ಕೊಡುತ್ತಿರುವಾಗ ಅವಳು ಅಂಗಡಿಯಾಕೆಯ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು. "ಮಾತಾಡೋದು ಇದೆಯಂತಲ್ಲ..."

"ವಾಯ್ಸ್ ಗೈಡಾ? ಇದೆಯಲ್ಲ." ಅಂಗಡಿಯಾಕೆ ಮೂಲೆಯಲ್ಲಿದ್ದ ಚಿಕ್ಕ ಟೀವಿಯೊಂದರ ರಿಮೋಟು ತಂದುಕೊಟ್ಟಳು. "ಈ ಬಟನ್ನನ್ನ ಮೂರು ಎಣಿಸೋ ತನಕ ಒತ್ತಿ ಹಿಡೀರಿ."

ಅವಳು ಕಣ್ಣು ಮುಚ್ಚಿಕೊಂಡಳು. ಅಂಗಡಿಯ ನಡುವೆ, ಬೆಳಗಿನ ಹನ್ನೊಂದು ಗಂಟೆಯಲ್ಲಿ, ಎಲ್ಲರೆದುರು. ಒಮ್ಮೆಲೇ ನೆಲ ಎಲ್ಲೋ ಹೋದಂತಾಗಿ ಇನ್ನೊಂದು ಕೈಯಿಂದ ಮೇಜು ಹುಡುಕಿದಳು. ಬೆರಳಿಗೆ ಐದರ ಚುಕ್ಕಿ ಸಿಕ್ಕಿತು. "ಮಾತು ಆನ್ ಆಗಿದೆ," ಎಂದಿತು ಟೀವಿ. ಹೆಣ್ಣು ದನಿ, ಆದರೆ ಯಾವ ಹೆಣ್ಣಿನದೂ ಅಲ್ಲ, ಸಿಟ್ಟಿಲ್ಲ, ಸಂತೋಷವಿಲ್ಲ. "ಚಾನೆಲ್ ಏಳು. ವಾರ್ತೆ. ಧ್ವನಿ ಹದಿನಾಲ್ಕು." ಇನ್ನೊಂದು ಒತ್ತಿದಳು. "ಧ್ವನಿ ಹದಿನೈದು." ಕತ್ತಲೆಯಲ್ಲಿ ಯಾರೋ ಕೈ ಹಿಡಿದು ಇಲ್ಲಿ ಮೆಟ್ಟಿಲು, ಇಲ್ಲಿ ಬಾಗಿಲು ಎಂದು ಹೇಳಿದಂತಿತ್ತು. ಅವಳಿಗೆ ಅಳು ಬಂತು. ತಡೆದುಕೊಂಡಳು.

"ಯಾರೇ ಅದು ಲೊಡಲೊಡ ಅಂತಿರೋದು?" ಎಂದು ಅವನು ಕೇಳಿದ.

"ಟೀವಿ ರೀ. ನಾವು ಏನು ಒತ್ತಿದ್ರೂ ಅದೇ ಹೇಳುತ್ತೆ."

"ಹೇಳೋಕೆ ಮನೇಲಿ ಒಬ್ಬಳಿರೋದು ಸಾಲ್ದಾ?" ನಕ್ಕ. ನಗು ನಿಲ್ಲಿಸಿದ. "ಯಾರಿಗೆ ಅಂತ ಮಾಡಿರೋದಮ್ಮಾ ಇದು?"

"ಕಣ್ಣು ಕಾಣದೋರಿಗೆ ಸಾರ್. ನಿಮಗೆ ಇದೇ ಸರಿಹೋಗುತ್ತೆ," ಎಂದಳು ಅಂಗಡಿಯಾಕೆ. ಒಳ್ಳೆಯ ಮನಸ್ಸಿನಿಂದಲೇ ಅಂದಳು, ಪಾಪ.

"ನನಗೆ ಬರೋ ತಿಂಗಳು ಆಪರೇಷನ್," ಎಂದು ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. "ಡಾಕ್ಟ್ರೇ ಹೇಳಿದ್ದಾರೆ. ಕೇಳಿ ಬೇಕಾದ್ರೆ ಇವಳನ್ನ."

ಅಂಗಡಿಯಾಕೆ ಕೇಳಲಿಲ್ಲ, ನೋಡಿದಳು. ಪೇಂಟರನ ಹೆಂಡತಿ ಕೈಯಲ್ಲಿದ್ದ ರಿಮೋಟನ್ನು ಮೇಜಿನ ಮೇಲಿಟ್ಟಳು. ಈಗ ಹೇಳಿಬಿಡಬಹುದಿತ್ತು. ಹೇಳಿದರೆ ನಾಳಿದ್ದು ಅವಳು ಲಾಂಡ್ರಿಗೆ ಹೋದಾಗ ಅವನು ಒಬ್ಬನೇ ಇರುತ್ತಾನೆ. ಹೇಳದಿದ್ದರೂ ಒಬ್ಬನೇ ಇರುತ್ತಾನೆ, ಆದರೆ ಇರುತ್ತಾನೆ. "ಹೂಂ, ಬರೋ ತಿಂಗಳು," ಎಂದಳು.

"ಮಾತು ಬೇಡ ಅನ್ನಿಸಿದಾಗ ಆಫ್ ಮಾಡ್ಬಹುದು ಸಾರ್. ಆಪರೇಷನ್ ಆದ್ಮೇಲೆ ಬರೀ ಟೀವಿ ಥರ ನೋಡಿ," ಎಂದು ಅಂಗಡಿಯಾಕೆ ದಾರಿ ಮಾಡಿಕೊಟ್ಟಳು. ಬುದ್ಧಿವಂತೆ.

ಅವನು ಯೋಚಿಸಿದ. ಗಲ್ಲ ಕೆರೆದುಕೊಂಡ. ಅವನು ಒಪ್ಪುವ ಹಂತಕ್ಕೆ ಬಂದದ್ದು ಅವಳಿಗೆ ತಿಳಿಯಿತು. ಇಪ್ಪತ್ತಾರು ವರ್ಷ ಆ ಗಲ್ಲ ನೋಡಿದ್ದಳು.

"ಸರಿ. ಇದರ ಕೆಂಪು ಹೇಗಿದೆ, ನೀನು ನೋಡಿ ಹೇಳು."

ಅವಳು ನೋಡಿದಳು. ಗಿಳಿ ಕೊಂಬೆಯ ಮೇಲೆ ಬಂದು ಕೂತಿತು. ಚಿಕ್ಕ ಪರದೆ, ಸಾಧಾರಣ ಮಾಲು. ಚೆನ್ನಾಗಿದೆ ಅಂದರೆ ಮುಗಿಯಿತು. ಇನ್ನೆಂದೂ ಅವನು ದೂರ ಹೋಗಿ ನಿಂತು ನೋಡಲಾರ. ಹದಿನಾಲ್ಕು ತಿಂಗಳು ನೀರು ಕುಡಿದಷ್ಟು ಸುಲಭವಾಗಿ ಸುಳ್ಳು ಹೇಳಿದ ಬಾಯಿ ಅದು. ಆದರೂ ಆ ಒಂದು ಪ್ರಶ್ನೆಗೆ ಅವಳ ಬಾಯಿಂದ ರಸ್ತೆಯ ಆಚೆ ಬದಿಯ ಉತ್ತರವೇ ಬಂತು.

"ಸ್ವಲ್ಪ ಕಿತ್ತಳೆಗೆ ಹೋಗುತ್ತೆ ರೀ."

"ಹಾಗ್ ಹೇಳು ಮತ್ತೆ," ಎಂದು ಅವನು ಗೆದ್ದವನಂತೆ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದ. "ಮೊದಲು ತೋರಿಸಿದ ದೊಡ್ಡದರಲ್ಲಿ?"

"ದೊಡ್ಡದರಲ್ಲಿ ಸರಿಯಾಗಿದೆ."

ದೊಡ್ಡದು ಮಾತಾಡುತ್ತಿರಲಿಲ್ಲ, ಮಾತಾಡಿದರೂ ಅವರ ಭಾಷೆಯಲ್ಲಲ್ಲ. ಅವನಿಗೆ ಅದೇ ಬೇಕಾಯಿತು. ಅಂಗಡಿಯಾಕೆ ಬಿಲ್ಲು ಬರೆಯುವಾಗ ಅವಳ ಕಡೆ ತಲೆಯೆತ್ತದೆ, "ಡಬ್ಬ ಬಿಸಾಕ್ಬೇಡಿ ಅಮ್ಮ. ಹತ್ತು ದಿನದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ," ಎಂದಳು.

ಭಾನುವಾರ ಅವಳು ಅವನ ಪಕ್ಕ ಕೂತು ರಿಮೋಟು ಕಲಿಸಿದಳು. ರಿಮೋಟು ಸೋಪಿನ ಬಿಲ್ಲೆಯಂತೆ ನುಣುಪು. ಬಟನ್ನುಗಳೆಲ್ಲ ಒಂದೇ ಮಟ್ಟ. ಮೇಲಿನದು ಆನ್, ಅದರಿಂದ ಎರಡು ಬೆರಳು ಕೆಳಗೆ ಚಾನೆಲ್ಲು, ಬಲಕ್ಕೆ ಧ್ವನಿ. ಅವಳು ಪಕ್ಕದಲ್ಲಿದ್ದಾಗ ಎಲ್ಲ ಸರಿಹೋಯಿತು. "ಇಷ್ಟೇ ತಾನೆ," ಎಂದು ಅವನು ಅಂದ.

ಸೋಮವಾರ ಲಾಂಡ್ರಿಯಲ್ಲಿ ಅವಳು ಬಿಸಿ ರೋಲರಿನಿಂದ ಹೊರಬರುವ ಹಾಸಿಗೆ ಬಟ್ಟೆಗಳನ್ನು ಮಡಚಿದಳು. ಎದುರು ಬದಿಯ ಹೆಂಗಸು ಎರಡು ತುದಿ ಹಿಡಿಯಬೇಕು, ಇವಳು ಎರಡು ತುದಿ ಹಿಡಿಯಬೇಕು, ಎಳೆದು, ಅರ್ಧ ಮಾಡಿ, ಹತ್ತಿರ ಬಂದು ಕೊಡಬೇಕು. ಹಬೆಗೆ ಕೈ ಕೆಂಪಾಯಿತು. ಆದರೂ ಮಾತಾಡುವವರ ನಡುವೆ ಒಂದು ದಿನ ಕಳೆದದ್ದು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, ಬಸ್ಸಿನಲ್ಲಿ ಅದಕ್ಕೇ ನಾಚಿಕೆಯಾಯಿತು.

ಮನೆ ಎರಡನೇ ಮಹಡಿಯಲ್ಲಿ. ಕೆಳಗಿನ ಮನೆಯಾಕೆ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದವಳು, "ಏನ್ರೀ, ಹೊಸ ಟೀವಿ ಬಂತು, ಇನ್ನು ನಮ್ಮ ಕಿವಿ ತೂತಾಗುತ್ತೆ ಅಂದ್ಕೊಂಡಿದ್ದೆ. ಒಂದು ಸದ್ದೂ ಇಲ್ವಲ್ಲ?" ಎಂದಳು.

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಗಿಲು ನೂಕಿದಳು.

ಅವನು ಕುರ್ಚಿಯಲ್ಲಿ ಕೂತಿದ್ದ. ಟೀವಿ ಹತ್ತಿತ್ತು. ದೊಡ್ಡ ಪರದೆಯ ತುಂಬ ನೀಲಿ, ನಡುವೆ ಬಿಳಿಯ ಒಂದು ಸಾಲು: ಸಿಗ್ನಲ್ ಇಲ್ಲ.

"ಬಂದ್ಯಾ?" ಎಂದ ಅವನು.

"ಬಂದೆ." ಚೀಲ ಕೆಳಗಿಟ್ಟಳು. "ಟೀವಿ ನೋಡಿದ್ರಾ?"

"ನೋಡ್ದೆ. ಇಡೀ ದಿನ ಅದೇ. ಈಗ ತಾನೆ ಸೌಂಡ್ ಕಮ್ಮಿ ಮಾಡ್ದೆ, ತಲೆನೋವು ಬಂತು."

"ಏನು ಬಂತು?"

"ಸಿನಿಮಾ. ಹಳೇದು. ಒಬ್ಬ ಹಡಗಿನವನು, ಅವನ ಹೆಂಡತಿ ದಡದಲ್ಲಿ ಕಾಯ್ತಿರ್ತಾಳೆ." ಅವನು ಕನ್ನಡಕ ಸರಿಪಡಿಸಿಕೊಂಡ. "ಹಡಗಿನ ಮೇಲೆ ಹೆಸರು ಬರ್ದಿದ್ರು ಕಣೇ, ನೀಲಿ ಮೇಲೆ ಬಿಳಿ. ಅಕ್ಷರ ಪರವಾಗಿಲ್ಲ. ನೆರಳು ಮಾತ್ರ ತಪ್ಪು ಕಡೆಗೆ ಹಾಕಿದ್ರು."

"ಕಾಣಿಸ್ತಾ?"

"ಮಸುಕು ಮಸುಕಾಗಿ. ಮೊದಲಿಗಿಂತ ವಾಸಿ. ಡಾಕ್ಟ್ರಿಗೆ ಹೇಳ್ಬೇಕು."

ರಿಮೋಟು ಅವನ ಕೈಯಲ್ಲೇ ಇತ್ತು. ಬೆವರಿಗೆ ಅದರ ಬೆನ್ನು ಹೊಳೆಯುತ್ತಿತ್ತು. ಅವನ ಹೆಬ್ಬೆರಳ ತುದಿಯಲ್ಲಿ ಒತ್ತಿ ಒತ್ತಿ ಒಂದು ಕುಳಿ ಬಿದ್ದಿತ್ತು; ಕುಳಿಯ ಸುತ್ತ ಚರ್ಮ ಬೆಳ್ಳಗಾಗಿತ್ತು. ಬೆಳಿಗ್ಗೆ ಎಷ್ಟು ಹೊತ್ತಿಗೆ ತಪ್ಪು ಬಟನ್ನು ಒತ್ತಿದ್ದನೋ, ಎಷ್ಟು ಸಾವಿರ ಸಲ ಸರಿಪಡಿಸಲು ನೋಡಿದ್ದನೋ, ಯಾವಾಗ ಕೈಬಿಟ್ಟು ಹಡಗನ್ನು ಕಟ್ಟಲು ಕೂತಿದ್ದನೋ. ಯಾರಿಗಾಗಿ ಕಟ್ಟಿದ? ತನಗಾಗಿಯೋ, ಅವಳಿಗಾಗಿಯೋ? ಕೆಳಗಿನ ಮನೆಯಾಕೆಯನ್ನು ಒಂದು ಸಲ ಕೂಗಿ ಕರೆಯಲಿಲ್ಲ. ಕರೆದಿದ್ದರೆ ಅವಳು ಬಂದು ಒಂದು ಬಟನ್ನು ಒತ್ತಿ ಹೋಗುತ್ತಿದ್ದಳು.

ಅವಳಿಗೆ ಸಿಟ್ಟು ಬಂತು, ಅವನ ಮೇಲಲ್ಲ. ತಾನು ಅವನನ್ನು ಬದುಕಿಸಿಟ್ಟಿದ್ದೇನೆ ಎಂದುಕೊಂಡಿದ್ದಳಲ್ಲ, ಇದನ್ನೇ ಅಲ್ಲವೇ ಬದುಕಿಸಿಟ್ಟದ್ದು ಎಂದು ತನ್ನ ಮೇಲೇ ಬಂತು. ಹೇಳಬೇಕೆಂದು ಅವಳು ತೀರ್ಮಾನ ಮಾಡಿದ್ದೇನೂ ಇಲ್ಲ. ಬಾಯಿ ತಾನೇ ತೆರೆಯಿತು.

"ರೀ, ಅದರಲ್ಲಿ ಏನೂ ಬರ್ತಿಲ್ಲ."

"ಈಗ ತಾನೆ ಹೋಯ್ತೇನೋ."

"ಬೆಳಿಗ್ಗೆಯಿಂದ ಬಂದಿಲ್ಲ. ಕೆಳಗಿನ ಮನೆಯವರು ಹೇಳಿದ್ರು, ಸದ್ದೇ ಕೇಳ್ಲಿಲ್ಲವಂತೆ."

ಅವಳು ಅವನ ಕಾಲ ಬಳಿ ನೆಲದ ಮೇಲೆ ಕೂತಳು.

"ಆಪರೇಷನ್ನೂ ಇಲ್ಲ ರೀ."

ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಸದ್ದು ಕೇಳುತ್ತಿತ್ತು. ಅವನು ರಿಮೋಟನ್ನು ತೊಡೆಯ ಮೇಲಿಟ್ಟ.

"ಡಾಕ್ಟ್ರು ಏನಂದ್ರು? ನಿನ್ನ ಮಾತಲ್ಲಿ ಬೇಡ. ಅವರ ಮಾತಲ್ಲೇ ಹೇಳು."

"ನರ ಪೂರ್ತಿ ಒಣಗಿದೆ ಅಂದ್ರು. ಇನ್ನು ಮಾಡೋದೇನೂ ಇಲ್ಲ ಅಂದ್ರು."

"ಯಾವತ್ತು?"

"ಕೊನೇ ಸಲ ಹೋಗಿದ್ವಲ್ಲ. ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ರಿ."

"ಆವತ್ತು ನೀನು ನಗ್ತಾ ಬಂದೆ."

"ಹೂಂ."

"ಚೆನ್ನಾಗಿ ನಕ್ಕೆ," ಎಂದ ಅವನು. ಒಳ್ಳೆಯ ಕೆಲಸ ಕಂಡಾಗ ಇನ್ನೊಬ್ಬ ಪೇಂಟರನಿಗೆ ಹೇಳುವ ದನಿಯಲ್ಲಿ ಹೇಳಿದ.

ಅವಳು ಅವನ ಮೊಣಕಾಲಿಗೆ ಹಣೆ ಒತ್ತಿ ಅತ್ತಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ, ತೆಗೆಯಲಿಲ್ಲ. ಬೈಯಲಿ, ರಿಮೋಟು ಎತ್ತಿ ಗೋಡೆಗೆ ಎಸೆಯಲಿ, ಮೂರು ದಿನ ಮಾತು ಬಿಡಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಬಹಳ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ:

"ನಾಳೆ ಕೆಲಸಕ್ಕೆ ಹೋಗ್ತೀಯಲ್ಲ?"

ಅವಳ ಅಳು ಅಲ್ಲಿಗೇ ನಿಂತಿತು. ತಲೆಯೆತ್ತಿ ಅವನ ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ.

"ಹೋಗಲ್ಲ."

"ಹೋಗ್ದೆ ಹೇಗೆ? ಸೇರಿದ ಮಾರನೇ ದಿನವೇ ತಪ್ಪಿಸ್ಕೊಂಡ್ರೆ ಇಟ್ಕೋತಾರಾ?"

ಮಂಗಳವಾರ ಅವಳು ಹೋಗಲಿಲ್ಲ, ಬುಧವಾರವೂ ಹೋಗಲಿಲ್ಲ. ಲಾಂಡ್ರಿಯ ಮೇಸ್ತ್ರಿ ಗುರುವಾರ ಬರದಿದ್ದರೆ ಬರುವುದೇ ಬೇಡ ಎಂದು ಫೋನಿನಲ್ಲಿ ಹೇಳಿದ. ಆ ಎರಡು ದಿನ ಪೇಂಟರ್ ಮಗುವಿನಂತೆ ಹೇಳಿದ ಮಾತು ಕೇಳಿದ. ಬಡಿಸಿದ್ದನ್ನು ಉಂಡ, ಸ್ನಾನ ಎಂದರೆ ಎದ್ದ. "ಆ ಟೀವಿ ಬದಲಾಯಿಸ್ಕೊಂಡು ಮಾತಾಡೋದನ್ನ ತರ್ಲಾ?" ಎಂದು ಕೇಳಿದ್ದಕ್ಕೆ "ನಿನ್ನಿಷ್ಟ" ಎಂದ. ಉಪ್ಪಿನ ಡಬ್ಬಿಯ ಮುಚ್ಚಳ ಯಾವ ಬಣ್ಣದ್ದಿರಬೇಕು ಎನ್ನುವುದಕ್ಕೂ ಜಗಳವಾಡುತ್ತಿದ್ದ ಮನುಷ್ಯ ಅವನು. ಇಪ್ಪತ್ತಾರು ವರ್ಷಗಳಲ್ಲಿ ಆ ಒಂದು ಪದವನ್ನು ಅವನ ಬಾಯಲ್ಲಿ ಅವಳು ಕೇಳಿರಲಿಲ್ಲ. ಅದನ್ನು ಕೇಳಿ ಅವಳಿಗಾದಷ್ಟು ಹೆದರಿಕೆ ಡಾಕ್ಟರ ಮಾತಿಗೂ ಆಗಿರಲಿಲ್ಲ.

ಬುಧವಾರ ಮಧ್ಯಾಹ್ನ ಅಂಗಡಿಯವರು ದೊಡ್ಡದನ್ನು ಒಯ್ದು ಚಿಕ್ಕದನ್ನು ಗೋಡೆಗೆ ಹಾಕಿಹೋದರು. ಅವನು ರಿಮೋಟನ್ನು ಒಮ್ಮೆ ಮೇಲಿಂದ ಕೆಳಗೆ ಸವರಿದ, ಅಷ್ಟೇ. ಅರ್ಧ ಗಂಟೆಯಲ್ಲಿ ಎಲ್ಲ ಬಟನ್ನುಗಳೂ ಅವನ ಬೆರಳಿಗೆ ಬಂದವು. ಕುಂಚ ಹಿಡಿದ ಕೈ, ಬಾರದೆ ಇರುತ್ತದೆಯೇ? ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಒತ್ತಿದ, ಅದು ಹೇಳಿದ್ದನ್ನು ಕೇಳಿದ, ಮತ್ತೆ ಒತ್ತಿದ.

ಗುರುವಾರ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗ ಅವಳು ಮನೆಯೆಲ್ಲ ಸುತ್ತಿದಳು. ಗಡ್ಡದ ಬ್ಲೇಡು, ಈಳಿಗೆ, ಎರಡು ಚಾಕು. ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಸುತ್ತಿದಳು. ಅವನ ಬೀಪಿ ಮಾತ್ರೆಯ ಪಟ್ಟಿಯಿಂದ ಆ ದಿನದ ಒಂದನ್ನು ಕತ್ತರಿಸಿ ಲೋಟದ ಪಕ್ಕ ಇಟ್ಟು ಉಳಿದದ್ದನ್ನು ತೆಗೆದುಕೊಂಡಳು. ಸಿಲಿಂಡರಿನ ರೆಗ್ಯುಲೇಟರ್ ಕಳಚಿದಳು. ಕಿಟಕಿಗೆ ಸರಳುಗಳಿದ್ದವು, ಅದೊಂದು ಪುಣ್ಯ. ಎಲ್ಲವನ್ನೂ ಹಳೆಯ ಟವೆಲಿನಲ್ಲಿ ಸುತ್ತಿ ಕೆಲಸದ ಚೀಲಕ್ಕೆ ತುಂಬಿದಳು. ಮಧ್ಯಾಹ್ನದ ಊಟ ತಟ್ಟೆಯಲ್ಲಿ ಮುಚ್ಚಿಟ್ಟು, ಚೀಲ ಹೆಗಲಿಗೇರಿಸಿದಾಗ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಠಣ್ಣೆಂದಿತು.

"ಚೀಲ ಭಾರ ಇದ್ದಂಗಿದೆ," ಎಂದ ಅವನು ಕುರ್ಚಿಯಿಂದ.

"ಊಟ ರೀ."

"ಇಡೀ ಲಾಂಡ್ರಿಗೇನಾ?"

ಅವಳು ಚೀಲವನ್ನು ಕಂಕುಳಿಗೆ ಒತ್ತಿ ಹಿಡಿದಳು. ಅವನು ಅವಳು ನಿಂತ ಕಡೆಗೆ ಸರಿಯಾಗಿ ಮುಖ ತಿರುಗಿಸಿದ. "ಹೊರಡು, ಬಸ್ ಹೋಗುತ್ತೆ," ಎಂದ.

"ನಾಲ್ಕೂವರೆಗೆ ಬರ್ತೀನಿ."

"ಹೂಂ."

"ಬಂದಾಗ ಏನು ಬಂತು ಅಂತ ಹೇಳ್ಬೇಕು ನನಗೆ."

ಅವನು ಅದಕ್ಕೆ ಹೂಂ ಎನ್ನಲಿಲ್ಲ. ಟೀವಿ ಹಾಕಿದ.

ಅವಳು ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಒಳಗಿನಿಂದ ಆ ಯಾರದೂ ಅಲ್ಲದ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಚಾನೆಲ್ ಮೂರು." ಅವಳು ಒಂದು ಮೆಟ್ಟಿಲು ಇಳಿದಳು. "ಚಾನೆಲ್ ನಾಲ್ಕು." ಇನ್ನೊಂದು ಇಳಿದಳು. ಅವನು ಒತ್ತದೆ ಅದು ಮಾತಾಡುವುದಿಲ್ಲ. ಐದು, ಆರು, ಏಳು. ಒಂದೊಂದು ಸಂಖ್ಯೆಗೂ ಒಂದೊಂದು ಮೆಟ್ಟಿಲು ಇಳಿಯುತ್ತ ಅವಳು ತಿರುವಿನವರೆಗೆ ಬಂದಳು. ಏಳರಲ್ಲಿ ಯಾರೋ ವಾರ್ತೆ ಓದುತ್ತಿದ್ದರು. ಅವನು ಅಲ್ಲೇ ನಿಲ್ಲಿಸಿದ. ಅವಳು ಉಸಿರು ಬಿಟ್ಟಳು.

"ಧ್ವನಿ ಹದಿಮೂರು," ಎಂದಿತು ಟೀವಿ. "ಹನ್ನೆರಡು. ಹನ್ನೊಂದು."

ಅವಳು ತಿರುವಿನಲ್ಲೇ ನಿಂತಳು. ಹತ್ತು, ಒಂಬತ್ತು. ವಾರ್ತೆಯವರ ಮಾತು ಗೊಣಗಾಯಿತು. ಎಂಟು ಎಂದದ್ದು ಕೇಳಲು ಅವಳು ಎರಡು ಮೆಟ್ಟಿಲು ಮೇಲೆ ಹತ್ತಬೇಕಾಯಿತು. ಏಳಕ್ಕೆ ಇನ್ನೂ ಎರಡು. ಆ ದನಿಯೂ ಕೇಳದಾದರೆ ಅವನು ಒಳಗೆ ಏನು ಮಾಡುತ್ತಿದ್ದಾನೆಂದು ತಿಳಿಯುವುದು ಹೇಗೆ? ಕೆಳಗಿನ ಮನೆಯಾಕೆ ತಲೆ ಹೊರಗೆ ಹಾಕಿ, "ನಿಮ್ಮ ಬಸ್ಸು ಬಂತು ನೋಡ್ರೀ," ಎಂದು ಕೂಗಿದಳು. ಅವಳು ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು.

"ಐದು."

ಬಾಗಿಲ ಬಳಿ ಬಂದು ಚೀಲವನ್ನು ಸದ್ದಾಗದಂತೆ ಎರಡೂ ಕೈಯಲ್ಲಿ ಹಿಡಿದು ನೆಲಕ್ಕಿಳಿಸಿದಳು. ಕೆಳಗೆ ಬಸ್ಸು ಒಂದು ಸಲ ಹಾರ್ನ್ ಮಾಡಿ ಹೊರಟಿತು.

"ನಾಲ್ಕು," ಎಂದಿತು ಒಳಗಿನ ದನಿ. "ಮೂರು."

ಅವಳು ಬಾಗಿಲ ಮರಕ್ಕೆ ಕಿವಿಯಿಟ್ಟು, ಉಸಿರು ಹಿಡಿದು, ಮುಂದಿನದಕ್ಕಾಗಿ ಕಾಯುತ್ತ ನಿಂತಳು.